ಎತ್ತೋರು ಯಾರೋ ಅವರೇ ಬ್ಯಾಗ ಆರಿಸ್ಲಿ

ಹೋದ ವಾರ ಶಹಾಬಾದದಿಂದ ನನ್ ತಂಗಿ ಫೋನ್ ಮಾಡಿದ್ಳು. "ಅಕ್ಕಾ, ನನ್ ಮಗನೂ ನಿಮ್ ಹುಡುಗಿ ಹಂಗ ಸಮುದ್ರದಾಗ ಡೈವಿಂಗ ಮಾಡ್ಲಾಕ ಅಂಡಮಾನಕ್ಕ ಹೊಂಟಾನ. ಮದಿವ್ಯಾಗ ಕೊಟ್ಟಿದ್ದ ದೊಡ್ಡ ಸೂಟಕೇಸ ಮನ್ಯಾಗ ಅದ, ಅದನ್ನೇ ಕೊಡ್ಲೇನು?" ಅಂತ ಕೇಳಿದ್ಳು. "ಕೊಡಬ್ಯಾಡವ್ವ" ಅಂದೆ. ಯಾಕ ಅನ್ನೋದು ಫೋನಿನ್ಯಾಗ ಹೇಳಿ ಮುಗೀಲಿಲ್ಲ. ಅದಕ್ಕ ಇಲ್ಲಿ ಬರೀಲತ್ತೀನಿ.

ನನ್ ಮಗಳು ಹೈದರಾಬಾದದಾಗ ಕೆಲಸಕ್ಕ ಇದ್ದಾಳ. ಮೂರು ವರ್ಷದ ಹಿಂದ ಗೆಳತೇರ ಜೋಡಿ ಮುರ್ಡೇಶ್ವರಕ್ಕ ಹೋಗಿದ್ಳು. ಅಲ್ಲಿಂದ ಬೋಟಿನ್ಯಾಗ ನೇತ್ರಾಣಿ ನಡುಗಡ್ಡಿಗಿ ಹೋಗಿ, ಬೆನ್ನಿಗಿ ಸಿಲಿಂಡರ್ ಕಟ್ಕೊಂಡು ನೀರಾಗ ಇಳಿದು ಮೀನ ನೋಡಿ ಬಂದ್ಳು. ನಾನು ಕಾಗಿಣಾ ಹೊಳಿ ದಂಡಿಗಿ ಹೋದ್ರೂ ಬೈಸ್ಕೊಂಡು ಬೆಳದಾಕಿ. ಕೇಳಿ ಎದಿ ಝಲ್ ಅಂತು. ಆದ್ರ ಅಕಿಗಿ ಅದರ ಹುಚ್ಚು ಹತ್ತಿತ್ತು, ಅಂಡಮಾನಕ್ಕ ಹೋಗಿ ಸರಿಯಾಗಿ ಕಲಿತೀನಿ ಅಂದ್ಳು. ಚಷ್ಮಾ ಇರೋದಕ್ಕ ನಂಬರಿನ ಕಾಜು ಹಾಕಿದ ಮಾಸ್ಕ್ ಮೊದಲ ತಗೊಂಡ್ಳು. ಆಮ್ಯಾಲ ಕಾಲಿಗಿ ಬಾತುಕೋಳಿ ಪಾದದಂಥ ಫಿನ್ನು, ಮೈಗಿ ರಬ್ಬರಿನ ವೆಟ್‌ಸೂಟು, ಗಾಳಿ ತುಂಬೋ ಜಾಕೀಟು (ಬಿಸಿಡಿ ಅಂತಾರ), ಉಸಿರು ತಗೊಳ್ಳೋ ರೆಗ್ಯುಲೇಟರ್, ಕೈಗಿ ಗಡಿಯಾರದಂಥ ಡೈವ್ ಕಂಪ್ಯೂಟರ್, ಎಲ್ಲಾ ಒಂದೊಂದೇ ಆದ್ವು.

ಇನ್ನ ಬ್ಯಾಗಿನ ಮಾತು. ಅಕಿ ಹಗೂರಿಂದು ಮೆತ್ತನ್ನ ಬ್ಯಾಗ ತಗೋತೀನಿ ಅಂದ್ಳು. ನಾನು ಕೇಳ್ಲಿಲ್ಲ. "ಇಷ್ಟ್ ರೊಕ್ಕದ ಸಾಮಾನ ಅರಿವಿ ಚೀಲದಾಗ ಒಯ್ತಾರೇನು? ನಾಕು ಮಂದಿ ನೋಡಿದ್ರ ಏನಂದಾರು?" ಅಂತ ನಮ್ಮನಿ ಗಟ್ಟಿ ಸೂಟಕೇಸ ಹಟ ಮಾಡಿ ಕೊಟ್ಟೆ. ಜೋಡಿಗಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಂಡಿ ತುಂಬ್ದೆ. ಶಂಶಾಬಾದ ವಿಮಾನ ನಿಲ್ದಾಣದ ತನಕ ಬಿಡ್ಲಾಕ ಹೋದೆ. ಟಿಕೇಟ ಇಲ್ಲದವ್ರಿಗಿ ಒಳಗ ಬಿಡಂಗಿಲ್ಲ, ಹೊರಗ ನಿಂತಿದ್ದೆ. ಒಳಗಿಂದ ಫೋನ್ ಬಂತು. "ಅವ್ವಾ, 19 ಕೆಜಿ ಆಗ್ಯದ. ಮಂದಿ ಮುಂದ ಸೂಟಕೇಸ ಬಿಚ್ಚಿಕೊಂಡು ಕುಂತೀನಿ" ಅಂದ್ಳು. ದನಿ ಅಳೋ ಹಂಗ ಇತ್ತು. ಕಡೀಗಿ ಹೆಚ್ಚಿನ 4 ಕೆಜಿಗಿ ರೊಕ್ಕ ಕಟ್ಟಿ ಹೋದ್ಳು.

ಮನಿಗಿ ಬಂದು ಲೆಕ್ಕ ಹಾಕ್ದೆ. ನಮ್ ದೇಶದೊಳಗ ಹಾರೋ ವಿಮಾನದಾಗ ಸಾಮಾನ್ಯ ಟಿಕೇಟಿಗಿ ಬಹುತೇಕ 15 ಕೆಜಿ ಒಳಗ ಹಾಕ್ಬಹುದು, 7 ಕೆಜಿ ಕೈಯಾಗ ಹಿಡೀಬಹುದು. ನಮ್ ಸೂಟಕೇಸ ಖಾಲಿ ಇದ್ದಾಗೇ 5 ಕೆಜಿ. ಜಾಕೀಟು, ಫಿನ್ನು, ವೆಟ್‌ಸೂಟು, ಬೂಟು ಸೇರಿ ಎಂಟೂವರಿ. ಬಟ್ಟಿ ಮೂರು. ನನ್ ಪ್ರೀತಿಯ ಬುತ್ತಿ ಎರಡೂವರಿ. ಅಂದ್ರ 15ರಾಗ ಮೂರನೇ ಒಂದು ಪಾಲು ಸೂಟಕೇಸೇ ತಿಂದಿತ್ತು. ನಾವು ರೊಕ್ಕ ಕಟ್ಟಿದ್ದು ಸಾಮಾನಿಗಿ ಅಲ್ಲ, ನನ್ ಜಂಬಕ್ಕ.

ಅದಕ್ಕ ನಾ ಹೇಳೋದು ಇಷ್ಟೇ. ಅಂಗಡ್ಯಾಗ ಬಣ್ಣ, ಕಂಪನಿ ಕೇಳೋಕಿಂತ ಮೊದಲ "ಖಾಲಿ ತೂಕ ಎಷ್ಟು?" ಅಂತ ಕೇಳ್ರಿ. ಈಗ ಅಕಿ ತಗೊಂಡಿದ್ದು ಗಾಲಿ ಇರೋ ಮೆತ್ತನ್ನ ಬ್ಯಾಗ, ಎರಡೂವರಿ ಕೆಜಿ. ಹಿಂಡಿ ಅರ್ಧ ಕೆಜಿ ಮಾಡಿದ್ವಿ, ರೊಟ್ಟಿ, ಉಂಡಿ ಬಿಟ್ವಿ, ಒಟ್ಟು 14.5ಕ್ಕ ಬಂತು. ಮನೀಂದ ಹೊರಡೋಕಿಂತ ಮೊದಲ ಪಕ್ಕದ ಕಿರಾಣಿ ಅಂಗಡಿ ತಕ್ಕಡ್ಯಾಗ ತೂಗ್ಸಿದೆ.

ಎರಡನೇದು, ಉದ್ದ. ಫಿನ್ನು ಸುಮಾರು ಎರಡು ಫೂಟು ಇರ್ತಾವ, ಕೈ ಬ್ಯಾಗಿನ್ಯಾಗ ಹಿಡಿಯಂಗಿಲ್ಲ. ಟೇಪ್ ಹಿಡಿದು ಅಳತಿ ಮಾಡ್ಕೊಂಡೇ ಅಂಗಡಿಗಿ ಹೋಗ್ರಿ.

ಮೂರನೇದು, ಗಾಲಿ. ಅಂಗಡಿಯ ನುಣ್ಣನ್ನ ಟೈಲ್ಸ್ ಮ್ಯಾಲ ಎಲ್ಲಾ ಗಾಲೀನೂ ಓಡ್ತಾವ. ನಮ್ ಅಂಗಳದ ಶಹಾಬಾದಿ ಫರಸಿ ಸಂದಿನ್ಯಾಗ ಎಳದ್ರ ಗೊತ್ತಾಗ್ತದ. ಸಣ್ಣ ನಾಕು ಗಾಲಿಗಿಂತ ದಪ್ಪ ಎರಡು ಗಾಲಿ ವಾಸಿ. ಜೋಡಿಗಿ ಹೆಗಲಿಗಿ ಹಾಕೋ ಪಟ್ಟಿ ಬೇಕೇ ಬೇಕು. ಸೇಡಂ, ಚಿತ್ತಾಪುರದಾಗ ಗಾಡಿ ತುಸು ಹೊತ್ತೇ ನಿಂದರ್ತದ. ವಾಡಿ ಜಂಕ್ಷನ್ನಿನ್ಯಾಗ ಮೆಟ್ಟಿಲ ಏರಬೇಕಾದ್ರ ಗಾಲಿ ಏನ್ ಮಾಡ್ತಾವ? ಚಿಂಚೋಳಿ ಕಡೀಯವ್ರಿಗಂತೂ ರೈಲೇ ಇಲ್ಲ, ಬಸ್ಸಿನ್ಯಾಗ ಎತ್ತಿ ಇಡಬೇಕು.

"ಮೆತ್ತನ್ನ ಬ್ಯಾಗಿನ್ಯಾಗ ಸಾಮಾನ ಒಡೀತದಲ್ಲ?" ಅಂತ ನಮ್ ಓಣಿ ವೈನಿ ಕೇಳಿದ್ರು. ಮಾತು ಖರೆ. ಕ್ಯಾಮೆರಾದಂಥವಕ್ಕ ಸಣ್ಣ ಗಟ್ಟಿ ಡಬ್ಬಿ ಬೇಕು. ಆದ್ರ ನಾಜೂಕಿನ ಸಾಮಾನ ಬ್ಯಾಗಿನ್ಯಾಗ ಹಾಕೋದೇ ಬ್ಯಾಡ. ರೆಗ್ಯುಲೇಟರ್, ಮಾಸ್ಕ್, ಕಂಪ್ಯೂಟರ್ ಕೈ ಬ್ಯಾಗಿನ್ಯಾಗ ಇರ್ಲಿ. ಬ್ಯಾಗ ಕಳೆದು ಹೋದ್ರೂ ಉಸಿರಾಟದ ಸಾಮಾನ ಕೈಯಾಗ ಉಳೀತದ. ಉಳಿದದ್ದಕ್ಕ ಫಿನ್ನು ಎರಡೂ ಬಾಜುಕ್ಕ ಹಲಗಿ ಹಂಗ ನಿಂದರ್ತಾವ, ವೆಟ್‌ಸೂಟು ಸುತ್ತಿ ಇಟ್ರ ಗಾದಿ ಆಗ್ತದ. ಚಾಕು ಇದ್ರ ಒಳಗ ಹಾಕೋ ಬ್ಯಾಗಿನ್ಯಾಗೇ ಹಾಕ್ಬೇಕು. ಟಾರ್ಚಿನ ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಮಾತ್ರ ಕೈಯಾಗೇ ಇರಬೇಕು. ಸಿಲಿಂಡರ್, ಸೊಂಟಕ್ಕ ಕಟ್ಟೋ ಸೀಸದ ತೂಕ ಒಯ್ಯೋದು ಬ್ಯಾಡ, ಅಲ್ಲೇ ಡೈವಿಂಗ ಕಲಿಸೋರು ಕೊಡ್ತಾರ. ಬ್ಯಾಗಿನ ಮ್ಯಾಲ ಡೈವರ್ ಚಿತ್ರ ಇರೋದೂ ಬ್ಯಾಡ, ಒಳಗ ಬೆಲಿ ಸಾಮಾನ ಅದ ಅಂತ ಡಂಗುರ ಸಾರ್ದಂಗ. ನಮ್ಮದು ಸಾದಾ ಕರಿ ಬ್ಯಾಗ, ಗುರ್ತಿಗಿ ನನ್ ಹಳೇ ಇಳಕಲ್ ಸೀರಿ ಸೆರಗಿನ ತುಂಡು ಕಟ್ಟೀನಿ.

ಬರೋ ಮುಂದಿನ ತೂಕಾನೂ ನೆನಪಿಡ್ರಿ. ಹಸಿ ವೆಟ್‌ಸೂಟು ಭಾಳ ಭಾರ. ಆದ್ರ ಒಣಗ್ಸಲಾಕ ಟೈಮ್ ತಾನಾಗೇ ಸಿಗ್ತದ, ಯಾಕಂದ್ರ ಕಡೇ ಸಲ ನೀರಿಂದ ಮ್ಯಾಲ ಬಂದಮ್ಯಾಲ ಲಗೂನ ವಿಮಾನ ಹತ್ತಂಗಿಲ್ಲ. ದಿನಾ ಡೈವ್ ಮಾಡಿದ್ರ ಕಡಿಮಿ ಅಂದ್ರೂ 18 ತಾಸು ಬಿಡಬೇಕು, 24 ಬಿಟ್ರ ಇನ್ನೂ ಚಲೋ. ನೀರಿನ ಆಳದಾಗ ಉಸಿರಾಡಿದ ನೈಟ್ರೋಜನ್ ಮೈಯಾಗ ಕರಗಿರ್ತದ. ಮ್ಯಾಲ ಹಾರಿದಾಗ ಒತ್ತಡ ಕಡಿಮಿ ಆಗಿ, ಗೋಲಿ ಸೋಡಾ ಒಡದಾಗ ಏಳೋ ಗುಳ್ಳಿ ಹಂಗ ಮೈಯಾಗ ಗುಳ್ಳಿ ಏಳಬಹುದು, ಜೀವಕ್ಕೇ ಅಪಾಯ. ಟಿಕೇಟ ಮಾಡ್ಸೋ ಮುಂದೇ ಆ ಒಂದು ದಿನ ಬಿಡ್ರಿ. ಆ ದಿನ ಸಾಮಾನೆಲ್ಲಾ ಸಿಹಿ ನೀರಾಗ ತೊಳದು, ಜಾಕೀಟಿನ ಒಳಗಿನ ನೀರು ಬಸಿದು, ನೆಳ್ಳಿನ್ಯಾಗ ಹಾಕ್ರಿ.

ತಂಗಿ ಮಗಂದು ಇದು ಮೊದಲನೇ ಸಲ. ಅವನಿಗಿ ಮುಖಕ್ಕ ಸರಿಯಾಗಿ ಕೂಡೋ ಒಂದು ಮಾಸ್ಕ್ ಸಾಕು, ಉಳಿದದ್ದು ಅಲ್ಲೇ ಬಾಡಿಗಿಗಿ ಸಿಗ್ತದ. ಹುಚ್ಚು ಖರೆ ಹತ್ತಿದ ಮ್ಯಾಲ ಸಾಮಾನ, ಸಾಮಾನ ಆದ ಮ್ಯಾಲ ಬ್ಯಾಗ.

ನಾನು ಚಿಂಚೋಳಿಯಿಂದ ಸೇಡಮಕ್ಕ ಮದಿವಿ ಆಗಿ ಬರೋ ಮುಂದ ನನ್ ಟ್ರಂಕು ಅಪ್ಪ ಆರಿಸಿದ್ದ, ಹಮಾಲರು ಎತ್ತಿದ್ರು. ನನಗ ಯಾರೂ ಕೇಳ್ಲಿಲ್ಲ. ನಾನೂ ಮಗಳಿಗಿ ಅದೇ ಮಾಡ್ದೆ. ಆದ್ರ ಅಕಿ ಹಿಂದ ಹಮಾಲರಿಲ್ಲ. ಬಸ್ಸು, ರೈಲು, ವಿಮಾನ, ಹಡಗು, ಎಲ್ಲಾ ಕಡಿ ಅಕಿನೇ ಹೊರಬೇಕು. ಅಷ್ಟು ಆಳಕ್ಕ ಇಳಿದು ಮ್ಯಾಲ ಬರೋ ಹುಡುಗಿಗಿ ತನ್ನ ಹೆಗಲಿಗಿ ಎಷ್ಟು ಭಾರ ತಡೀತದ ಅಂತ ಗೊತ್ತಿರಂಗಿಲ್ಲೇನು? ರೊಕ್ಕ ನಾವು ಕೊಟ್ರೂ ಬ್ಯಾಗ ಅವರೇ ಆರಿಸ್ಲಿ. ಹಿಂಡಿ ಅರ್ಧ ಕೆಜಿ ಮಾತ್ರ ನಮ್ಮದು.