ವೇಗದ ಟಿಪ್ಸ್ ಸಾಕು, ಮೊದಲು ನೋಡೋದು ಕಲಿಯಿರಿ

ಈ ಸಲ ಸ್ವಲ್ಪ ಜಗಳ ಆಡೋದಿದೆ. ನಾನಿರುವ ಕೆಂಟನ್ ಆಗಲಿ, ಬೆಂಗಳೂರಾಗಲಿ, ಮೇನ್‌ಫ್ರೇಮ್ ಕೆಲಸಕ್ಕೆ ಹೊಸದಾಗಿ ಸೇರಿದವರು ಕೇಳೋದು ಒಂದೇ: "ಆ ಹಸಿರು ಪರದೆಯಲ್ಲಿ ಬೇಗ ಬೇಗ ಕೆಲಸ ಮುಗಿಸೋಕೆ ಶಾರ್ಟ್‌ಕಟ್ ಹೇಳಿ." ಕಲಿಸುವವರೂ ಅದನ್ನೇ ಕಲಿಸ್ತಾರೆ. ನನ್ನ ತಕರಾರು ಇಲ್ಲೇ ಇರೋದು. ಅಲ್ಲಿ ಬೇಕಾದ್ದು ಕೈಯ ವೇಗವಲ್ಲ, ಕಣ್ಣಿನ ಎಚ್ಚರ.

ಯಾಕೆ ಅಂತೀರಾ? 2012ರ ಜೂನ್‌ನಲ್ಲಿ ಇಲ್ಲಿನ ಆರ್‌ಬಿಎಸ್ ಬ್ಯಾಂಕ್ ಸಮೂಹದವರು, ರಾತ್ರಿಯ ಕೆಲಸಗಳನ್ನು ಒಂದರ ಹಿಂದೆ ಒಂದು ಓಡಿಸುವ ಬ್ಯಾಚ್ ಶೆಡ್ಯೂಲರನ್ನು ಹೊಸ ಆವೃತ್ತಿಗೆ ಬದಲಾಯಿಸಿದರು. ತೊಂದರೆ ಕಂಡಾಗ, ಪರಿಣಾಮ ಏನು ಅಂತ ಪರೀಕ್ಷಿಸದೆಯೇ ಅದನ್ನು ತೆಗೆದುಹಾಕಿದರು. ಹಳೆಯದಕ್ಕೂ ಹೊಸದಕ್ಕೂ ಹೊಂದಾಣಿಕೆಯೇ ಇರಲಿಲ್ಲ. ತೊಂದರೆಗೆ ಸಿಕ್ಕ ಗ್ರಾಹಕರು ಕನಿಷ್ಠ 65 ಲಕ್ಷ. ಎಷ್ಟೋ ಸಂಸ್ಥೆಗಳಿಗೆ ಸಂಬಳ ಹಾಕೋಕಾಗಲಿಲ್ಲ, ಪರದೇಶದಲ್ಲಿದ್ದ ಕೆಲವರ ಕೈಯಲ್ಲಿ ಕಾಸಿರಲಿಲ್ಲ. 2014ರಲ್ಲಿ ನಿಯಂತ್ರಕರು ಹಾಕಿದ ದಂಡ 5.6 ಕೋಟಿ ಪೌಂಡ್. ಅದು ಎಡಿಟರ್‌ನಲ್ಲಿ ಆದ ತಪ್ಪಲ್ಲ, ನಿಜ. ಆದರೆ ನೋಡದೆ ಬದಲಾಯಿಸುವ ಚಾಳಿ ಅದೇ.

ಹಾಗಾದ್ರೆ ಏನು ಕಲೀಬೇಕು? ಐಎಸ್‌ಪಿಎಫ್ ಎಡಿಟರನ್ನೇ ತಗೊಳ್ಳಿ. ಸಾಲಿನ ಮೇಲೆ 'ಕಾಲ್ಸ್' ಅಂತ ಹೊಡೆದರೆ ಅಳತೆಪಟ್ಟಿ ಬರುತ್ತೆ. ಕೋಬಾಲ್ ಸಾಲು 80 ಕಾಲಂ, ಪಂಚ್ ಕಾರ್ಡಿನ ಕಾಲದ ಅಳತೆ. ಮಾಮೂಲಿ ಫಾರ್ಮ್ಯಾಟ್‌ನಲ್ಲಿ ಕೋಡ್ 72ಕ್ಕೆ ಮುಗಿಯಬೇಕು. ನಿಮ್ಮ ಪೂರ್ಣವಿರಾಮ 73ಕ್ಕೆ ಜಾರಿದರೆ ಕಂಪೈಲರ್ ಅದನ್ನು ನೋಡೋದೇ ಇಲ್ಲ. ಮುಗಿದ 'ಇಫ್' ಮುಗಿಯೋದಿಲ್ಲ, ಮುಂದಿನ ಸಾಲನ್ನೂ ಒಳಗೆ ಎಳೆದುಕೊಳ್ಳುತ್ತೆ. ಎಷ್ಟೋ ಸಲ ದೋಷದ ಸಂದೇಶವೂ ಬರೋದಿಲ್ಲ.

ಒಂದು ಹೆಸರನ್ನು ಎಲ್ಲ ಕಡೆ ಬದಲಾಯಿಸಬೇಕೇ? ನೇರವಾಗಿ 'ಚೇಂಜ್ ಆಲ್' ಹೊಡೀಬೇಡಿ. ಮೊದಲು 'ಎಕ್ಸ್ ಆಲ್' ಅಂದು ಎಲ್ಲ ಸಾಲು ಮರೆಮಾಡಿ. ಆಮೇಲೆ ಆ ಹೆಸರಿಗೆ 'ಫೈಂಡ್ ಆಲ್' ಕೊಟ್ಟರೆ ಅದಿರುವ ಸಾಲುಗಳಷ್ಟೇ ಎದುರಿಗೆ ಬರ್ತವೆ. ಒಂದೊಂದನ್ನೂ ಓದಿ, ಬೇಡದ್ದನ್ನು ಮತ್ತೆ ಮುಚ್ಚಿ, ಉಳಿದದ್ದರ ಮೇಲೆ ಮಾತ್ರ 'ಎನ್‌ಎಕ್ಸ್' ಸೇರಿಸಿ ಬದಲಾಯಿಸಿ. ಸೇವ್‌ಗೆ ಮುಂಚೆ 'ಕಂಪೇರ್ ಸೆಷನ್' ಹೊಡೆದು ಏನೇನು ಬದಲಾಯ್ತು ನೋಡಿ. ಜೆಸಿಎಲ್‌ಗೆ 'ಟೈಪ್‌ರನ್' ಸ್ಕ್ಯಾನ್ ಇದೆ, ಓಡಿಸದೆಯೇ ವ್ಯಾಕರಣ ಪರೀಕ್ಷಿಸುತ್ತೆ.

ನನ್ನಂಥ ಡೇಟಾದವರಿಗೂ ಒಂದು ಮಾತು. ಪ್ಯಾಕ್ಡ್ ಡೆಸಿಮಲ್ ಇರುವ ಫೈಲನ್ನು ಟೆಕ್ಸ್ಟ್ ಮೋಡ್‌ನಲ್ಲಿ ಇಳಿಸಿಕೊಂಡರೆ, ಎಬ್ಸಿಡಿಕ್ ಅನ್ನು ಆಸ್ಕಿಗೆ ತಿರುಗಿಸುವಾಗ ಅಂಕಿಗಳೇ ಕೆಡ್ತವೆ. ಬೈನರಿಯಲ್ಲೇ ತಂದು, ಕಾಪಿಬುಕ್ ಎದುರಿಗಿಟ್ಟುಕೊಂಡು ಬಿಡಿಸಿ. ಅನುಮಾನ ಬಂದರೆ 'ಹೆಕ್ಸ್ ಆನ್' ಮಾಡಿ ಮೂಲದಲ್ಲೇ ನೋಡಿ.

"ಈಗ ವಿಎಸ್ ಕೋಡ್ ಇದೆ, ಜೋವೆ ಇದೆ, ಇದೆಲ್ಲ ಯಾಕೆ?" ಅಂತೀರಿ. ಬಳಸಿ, ಖಂಡಿತ ಬಳಸಿ. ಆದರೆ ಪರದೆ ಬಣ್ಣ ಬದಲಾಯಿಸಿದ ಮಾತ್ರಕ್ಕೆ 72ನೇ ಕಾಲಂ ಮಾಯ ಆಗಲ್ಲ, ಪ್ಯಾಕ್ಡ್ ಡೆಸಿಮಲ್ಲೂ ಹೋಗಲ್ಲ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಎಡಿಟರ್ ಹಳೇದು ಅಂತ ದೂರುವವರಲ್ಲಿ ಬಹಳ ಜನ ಅದರ 'ಹೆಲ್ಪ್' ಕೂಡ ತೆರೆದಿರಲ್ಲ.

ದಿನಕ್ಕೆ ಎಷ್ಟು ಟಿಕೆಟ್ ಮುಚ್ಚಿದೆ ಅಂತ ಎಣಿಸುವ ಮ್ಯಾನೇಜರ್‌ಗಳೇ, ನೀವೂ ಕೇಳಿ. ನೀವು ಎಣಿಸೋದನ್ನೇ ಜನ ಮಾಡ್ತಾರೆ. ನೋಡೋಕೆ ಹಿಡಿಯುವ ಹತ್ತು ನಿಮಿಷಕ್ಕೆ ನಿಮ್ಮ ಪಟ್ಟಿಯಲ್ಲಿ ಕಾಲಂ ಇಲ್ಲ ಅಂದ್ರೆ, ಆ ಹತ್ತು ನಿಮಿಷದ ಬೆಲೆ ಒಂದಿನ ಗ್ರಾಹಕರು ಕೊಡ್ತಾರೆ.

ನಿಮ್ಮ ಮನೇಲೋ ಪಕ್ಕದ ಮನೇಲೋ ಮೇನ್‌ಫ್ರೇಮ್‌ನಲ್ಲಿ ದುಡಿದ ಹಿರಿಯರಿದ್ದರೆ, ಅವರನ್ನು ಶಾರ್ಟ್‌ಕಟ್ ಕೇಳಬೇಡಿ. "ಸೇವ್ ಒತ್ತೋ ಮುಂಚೆ ಏನೇನು ನೋಡ್ತಿದ್ರಿ?" ಅಂತ ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ, ಕನ್ನಡದಲ್ಲೇ ಆಗಲಿ.