ಎಲ್ಲರ ಮುಖವೂ ಕಾಣಲಿ

ನಮ್ಮ ಮನೆಯ ಆಲ್ಬಮ್‌ನಲ್ಲಿ ಒಂದು ಫೋಟೋ ಇದೆ. ಹೊಸೂರಿನಲ್ಲಿ ತಂಗಿಯ ಮದುವೆಯ ದಿನ ನಾನೇ ತೆಗೆದದ್ದು. ಮುಂದೆ ಚಾಪೆಯ ಮೇಲೆ ಮಕ್ಕಳು, ಹಿಂದೆ ಕುರ್ಚಿಗಳಲ್ಲಿ ಹಿರಿಯರು, ಅವರ ಹಿಂದೆ ನಿಂತವರು. ಮಕ್ಕಳ ಕಣ್ಣರೆಪ್ಪೆಯನ್ನೂ ಎಣಿಸಬಹುದು. ಅಜ್ಜಿಯ ಮುಖ ಮಾತ್ರ ಮಂಜಿನೊಳಗೆ ಇದ್ದಂತಿದೆ. ಎಲ್ಲರೊಂದಿಗೆ ಅಜ್ಜಿ ಕೂತ ಕೊನೆಯ ಫೋಟೋ ಅದೇ. ಆಗ ಕ್ಯಾಮೆರಾವನ್ನು ದೂರಿದೆ. ತಪ್ಪು ನನ್ನದೇ ಆಗಿತ್ತು.

ಲೆನ್ಸ್ ಒಂದು ಸಲಕ್ಕೆ ಒಂದೇ ದೂರಕ್ಕೆ ಸರಿಯಾಗಿ ಫೋಕಸ್ ಆಗುತ್ತದೆ. ಆ ದೂರದ ಹಿಂದೆ ಮುಂದೆ ಇನ್ನಷ್ಟು ಜಾಗ ನಮ್ಮ ಕಣ್ಣಿಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಇದಕ್ಕೆ ‘ಡೆಪ್ತ್ ಆಫ್ ಫೀಲ್ಡ್’ ಎಂದು ಹೆಸರು. ಇದು ಹಿಗ್ಗುವುದೂ ಕುಗ್ಗುವುದೂ ಮುಖ್ಯವಾಗಿ ಲೆನ್ಸ್‌ನ ಕಿಂಡಿ, ನಾವು ನಿಂತ ದೂರ ಮತ್ತು ಲೆನ್ಸ್‌ನ ಅಳತೆಯಿಂದ. ಕಿಂಡಿಯ ಅಳತೆಯನ್ನು ‘ಎಫ್’ ಸಂಖ್ಯೆ ತಿಳಿಸುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಸ್ಪಷ್ಟ ಜಾಗ ಹೆಚ್ಚು.

ಅಂದು ನಾನು 35 ಮಿ.ಮೀ. ಫಿಲ್ಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಹಾಕಿ, ಎಫ್ 2.8 ಇಟ್ಟು, 10 ಅಡಿ ದೂರದ ಮಕ್ಕಳಿಗೆ ಫೋಕಸ್ ಮಾಡಿದ್ದೆ. ಸ್ಪಷ್ಟವಾಗಿ ಬಂದದ್ದು ಸುಮಾರು 9ರಿಂದ 11 ಅಡಿ ಮಾತ್ರ. ಅಜ್ಜಿ 13 ಅಡಿಯಲ್ಲಿದ್ದರು. ಎಫ್ 8 ಇಟ್ಟು ಅಜ್ಜಿಯ ಮುಖಕ್ಕೇ ಫೋಕಸ್ ಮಾಡಿದ್ದರೆ ಸುಮಾರು 9½ ಅಡಿಯಿಂದ 20 ಅಡಿಯವರೆಗೆ ಮೂರು ಸಾಲೂ ಸಿಗುತ್ತಿದ್ದವು.

ಒಂದು ಎಚ್ಚರಿಕೆ. ಎಫ್ 2.8ಕ್ಕಿಂತ ಎಫ್ 8ರಲ್ಲಿ ಬರುವ ಬೆಳಕು ಎಂಟನೇ ಒಂದು ಭಾಗ. ಕೋಣೆಯೊಳಗೆ ಶಟರ್ ನಿಧಾನವಾಗಿ ಕೈ ಅಲುಗಿದರೆ ಎಲ್ಲರೂ ಮಸುಕಾಗುತ್ತಾರೆ. ಆದ್ದರಿಂದ ಗುಂಪನ್ನು ಅಂಗಳಕ್ಕೆ, ಮರದ ನೆರಳಿಗೆ ಕರೆತನ್ನಿ. ಸಾಲುಗಳನ್ನು ಒತ್ತೊತ್ತಾಗಿ ನಿಲ್ಲಿಸಿ. ನೀವು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ.

ಮೊಬೈಲ್‌ನಲ್ಲಿ ಸ್ಪಷ್ಟ ಜಾಗ ಸಹಜವಾಗಿಯೇ ಹೆಚ್ಚು. ಆದರೆ ‘ಪೋರ್ಟ್ರೇಟ್’ ಆಯ್ಕೆ ಹಿನ್ನೆಲೆಯನ್ನು ತಾನೇ ಮಸುಕು ಮಾಡುವಾಗ ಹಿಂದಿನ ಸಾಲಿನವರೂ ಮಸುಕಾಗಬಹುದು. ಗುಂಪಿಗೆ ಅದು ಬೇಡ. ನಮ್ಮ ಹೊಸೂರಿನ ತೋಟದ ಒಂದೇ ಗುಲಾಬಿಯನ್ನು ತೆಗೆಯುವಾಗ ಬಳಸಿ, ಚೆನ್ನಾಗಿರುತ್ತದೆ.

ಕೃಷ್ಣಗಿರಿಯ ಕೋಟೆ ಬೆಟ್ಟವೂ ಫೋಟೋದಲ್ಲಿ ಬರಬೇಕೆ? 28 ಮಿ.ಮೀ. ಲೆನ್ಸ್‌ನಲ್ಲಿ ಎಫ್ 11 ಇಟ್ಟು 10 ಅಡಿ ದೂರದ ಮನೆಯವರಿಗೆ ಫೋಕಸ್ ಮಾಡಿ. ಬೆಟ್ಟವೂ ಸ್ಪಷ್ಟವಾಗಿ ಬರುತ್ತದೆ.

ಮುಂದಿನ ಸಲ ಮನೆಯವರೆಲ್ಲ ಸೇರಿದಾಗ ಒಂದು ಫೋಟೋ ತೆಗೆದು, ಯಾರೂ ಏಳುವ ಮೊದಲೇ ಅದನ್ನು ಹಿಗ್ಗಿಸಿ ಹಿರಿಯರ ಮುಖ ನೋಡಿ. ಮಸುಕಾಗಿದ್ದರೆ ಇನ್ನೊಂದು ತೆಗೆಯಿರಿ. ಅವರು ಎದುರಿಗೇ ಇದ್ದಾರಲ್ಲ!