ಹಳೆಯ ಚಕ್ರಕ್ಕೆ ಹೊಸ ಬಣ್ಣ: ವರ್ತಕರ ಹೊಣೆ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿತು. ಆದರೆ ಅದನ್ನು ಅಕ್ಕರೆಯಿಂದ ಉಳಿಸಿಕೊಂಡವರಲ್ಲಿ ಕೆಲವರು ಇಂದಿಗೂ ಅದರ ಉಕ್ಕಿನ ಚಕ್ರಗಳಿಗೆ ಮನೆಯಂಗಳದಲ್ಲಿಯೇ ಬಣ್ಣ ಬಳಿಯುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳ ಬಣ್ಣದ ವರ್ತಕರು ಇಂತಹ ಗಿರಾಕಿಗೆ ಡಬ್ಬಿಯೊಂದನ್ನು ಮಾರಿ ಸುಮ್ಮನಾಗಬಾರದು. ತುಕ್ಕನ್ನು ಉಜ್ಜಿ ತೆಗೆದು, ಜಿಡ್ಡು ಒರೆಸಿ, ಪ್ರೈಮರ್ ಹಚ್ಚದಿದ್ದರೆ ಬಣ್ಣ ಒಂದೇ ಮಳೆಗಾಲಕ್ಕೆ ಎದ್ದುಹೋದೀತು. ಅದಕ್ಕಿಂತ ಮುಖ್ಯವಾಗಿ, ನಟ್ಟು ಕೂರುವ ಜಾಗದಲ್ಲಿಯೂ ಹಬ್‌ಗೆ ತಾಗುವ ಮುಖದಲ್ಲಿಯೂ ದಪ್ಪ ಬಣ್ಣವಿರಕೂಡದು. ಆ ಪದರ ಸವೆದಂತೆ ನಟ್ಟು ಸಡಿಲಗೊಂಡು ಚಕ್ರವೇ ಕಳಚೀತು. ತುಕ್ಕಿನಿಂದ ತೂತಾದ, ಬಿರುಕು ಬಿಟ್ಟ ಚಕ್ರಕ್ಕಾದರೆ ಬಣ್ಣ ಮಾರದೆ, ಅದನ್ನು ಬದಲಿಸಲು ಹೇಳುವುದೇ ವರ್ತಕನ ಧರ್ಮ. ಇಂದು ಕೈತಪ್ಪುವ ಒಂದು ಡಬ್ಬಿಯ ಲಾಭಕ್ಕಿಂತ ಗಿರಾಕಿಯ ವಿಶ್ವಾಸವೇ ವ್ಯಾಪಾರಕ್ಕೆ ದೊಡ್ಡ ಬಂಡವಾಳ.